ಕದ್ದದ್ದು ಎಷ್ಟು ಅಂತ ನಮಗೂ ಹೇಳಿ: ಸಾರ್ವಜನಿಕ ಸಂಸ್ಥೆಗಳ ಮುಖ್ಯಸ್ಥರಿಗೊಂದು ಬಹಿರಂಗ ಪತ್ರ

ಗೆ,
ತೆರಿಗೆ ಹಣದಲ್ಲಿ ನಡೆಯುವ ಎಲ್ಲ ಇಲಾಖೆ, ನಿಗಮ, ಮಂಡಳಿ ಮತ್ತು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ

ಮಾನ್ಯರೇ,

ನಾನು ಇಪ್ಪತ್ತಾರು ವರ್ಷ ಒಂದು ಸಾರ್ವಜನಿಕ ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡಿದವನು. ಈಗ ನಿವೃತ್ತ. ಸಂಸ್ಥೆಯ ಹೆಸರು ಇಲ್ಲಿ ಬೇಡ. ಹೆಸರು ಹೇಳಿದರೆ ಎಲ್ಲರೂ ಅದರ ಹಿಂದೆ ಬೀಳುತ್ತಾರೆ, ನಾನು ಹೇಳಬೇಕಾದ ಮಾತು ಹಿಂದೆ ಉಳಿಯುತ್ತದೆ. ಅದೂ ಅಲ್ಲದೆ ನಾನು ಬರೆಯುತ್ತಿರುವುದು ಎಲ್ಲಿ ಬೇಕಾದರೂ ನಡೆಯುವಂಥದ್ದು. ನಿಮ್ಮಲ್ಲಿ ಕೆಲವರಿಗಾದರೂ ಓದುತ್ತಾ ಓದುತ್ತಾ ಇದು ನಮ್ಮ ಆಫೀಸಿನ ಕಥೆಯೇ ಅನ್ನಿಸಬಹುದು.

ಮೊದಲು ನಾನು ಕಣ್ಣಾರೆ ಕಂಡದ್ದನ್ನು ಹೇಳಿಬಿಡುತ್ತೇನೆ.

ಒಂದು ಮಧ್ಯಾಹ್ನ ನಮ್ಮ ವಿಭಾಗಕ್ಕೆ ಒಬ್ಬ ವಯಸ್ಸಾದ ಹೆಂಗಸು ಬಂದರು. ಕೈಯಲ್ಲಿ ಎರಡು ಕಾಗದ. ಒಂದು ನಾವು ಕಳಿಸಿದ್ದ ಬಾಕಿ ನೋಟಿಸು, ದಂಡವನ್ನೂ ಸೇರಿಸಿದ್ದು. ಇನ್ನೊಂದು ಅದೇ ಬಾಕಿ ಕಟ್ಟಿದ್ದಕ್ಕೆ ನಾವೇ ಕೊಟ್ಟಿದ್ದ ರಸೀದಿ. ರಸೀದಿಯನ್ನು ನಾಲ್ಕು ಮಡಿಕೆ ಮಾಡಿ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದರು. "ನೋಡಪ್ಪಾ, ಕಟ್ಟಿದೀನಿ. ಮತ್ತೆ ಯಾಕೆ ಕೇಳ್ತಿದೀರಿ?" ಅಂದರು. ಜಗಳದ ದನಿಯಲ್ಲ. ತಪ್ಪು ತಮ್ಮದೇ ಇರಬಹುದೇನೋ ಅನ್ನುವ ಅಳುಕಿನ ದನಿ.

ಆ ನಂಬರಿನ ರಸೀದಿ ಪುಸ್ತಕ ತರಿಸಿದೆ. ಪುಸ್ತಕದಲ್ಲಿ ಉಳಿದಿದ್ದ ಕಾರ್ಬನ್ ಪ್ರತಿಯ ಮೇಲೆ ಕೆಂಪು ಇಂಕಿನಲ್ಲಿ ಅಡ್ಡಗೆರೆ ಎಳೆದು 'ರದ್ದು' ಅಂತ ಬರೆದಿತ್ತು. ಕೆಳಗೆ ಕ್ಯಾಷಿಯರ್ ಸಹಿ. ರಸೀದಿ ರದ್ದು ಮಾಡಿದರೆ ಅದರ ಮೂಲ ಪ್ರತಿಯನ್ನು ವಾಪಸು ಪಡೆದು ಅಲ್ಲೇ ಪಿನ್ ಮಾಡಿ ಇಡಬೇಕು. ನಮ್ಮಲ್ಲಿ ಮೊದಲ ದಿನವೇ ಕಲಿಸುವ ಪಾಠ ಅದು. ಇಲ್ಲಿ ಪಿನ್ ಚುಚ್ಚಿದ ತೂತು ಕೂಡ ಇರಲಿಲ್ಲ. ಹೇಗೆ ಇರುತ್ತದೆ? ಮೂಲ ಪ್ರತಿ ಆ ತಾಯಿಯ ಪ್ಲಾಸ್ಟಿಕ್ ಕವರಿನಲ್ಲಿತ್ತು.

ಸುಮ್ನೆ ಹಾಗೇ ಪುಟ ತಿರುವುತ್ತಾ ಹೋದೆ. ನೂರು ರಸೀದಿಯ ಆ ಪುಸ್ತಕದಲ್ಲಿ ಹದಿನಾಲ್ಕು ಕಡೆ 'ರದ್ದು'. ಮೂಲ ಪ್ರತಿ ಪಿನ್ ಆಗಿದ್ದದ್ದು ಎರಡಕ್ಕೆ ಮಾತ್ರ.

ಅವತ್ತೇ ಒಂದೂವರೆ ಪುಟದ ಟಿಪ್ಪಣಿ ಬರೆದು ಮೇಲಧಿಕಾರಿಗೆ ಕೊಟ್ಟೆ. ಅವರು ಓದಿದರು. "ಒಳ್ಳೇ ಕೆಲಸ ಮಾಡಿದ್ರಿ. ನಾನು ನೋಡ್ತೀನಿ. ಸದ್ಯಕ್ಕೆ ಯಾರ ಹತ್ರಾನೂ ಬಾಯಿ ಬಿಡಬೇಡಿ" ಅಂದರು. ಮೂರು ವಾರ ಕಳೆಯಿತು. ಕ್ಯಾಷಿಯರ್ ಆ ಹನ್ನೆರಡು ರಸೀದಿಗಳ ಹಣವನ್ನು ವಾಪಸು ಕಟ್ಟಿದರು. ವೈಯಕ್ತಿಕ ಕಾರಣ ಅಂತ ಬರೆದು ರಾಜೀನಾಮೆ ಕೊಟ್ಟರು. ನಾವೆಲ್ಲ ಸೇರಿ ಬೀಳ್ಕೊಟ್ಟೆವು. ಗುಂಪು ಫೋಟೋದಲ್ಲಿ ನಾನೂ ಇದ್ದೇನೆ.

ಅವರು ಎಂಟು ವರ್ಷ ಆ ಕೌಂಟರಿನಲ್ಲಿ ಕೂತಿದ್ದರು. ಎಂಟು ವರ್ಷದ ರಸೀದಿ ಪುಸ್ತಕಗಳು ಬೀರುವಿನಲ್ಲಿ ಸಾಲಾಗಿ ಇದ್ದವು. ಒಂದನ್ನೂ ಯಾರೂ ಹೊರಗೆ ತೆಗೆಯಲಿಲ್ಲ. ಅವರಿಗೆ ನಾವು ಕೊಟ್ಟ ಅನುಭವ ಪತ್ರದಲ್ಲಿ 'ನಡತೆ ತೃಪ್ತಿಕರ' ಅಂತ ಇತ್ತು. ವರ್ಷ ತುಂಬುವ ಮೊದಲೇ ಆ ಪತ್ರ ಹಿಡಿದು ಇನ್ನೊಂದು ಸಾರ್ವಜನಿಕ ಸಂಸ್ಥೆಯಲ್ಲಿ ಸೇರಿಕೊಂಡರು. ಅಲ್ಲೂ ಹಣ ಎಣಿಸುವ ಕೆಲಸವೇ. ನನ್ನನ್ನು ಸ್ಟೋರ್ಸ್ ವಿಭಾಗಕ್ಕೆ ಹಾಕಿದರು. ಶಿಕ್ಷೆ ಅಂತ ಯಾರೂ ಹೇಳಲಿಲ್ಲ. ಆದರೆ ಆಮೇಲೆ ನಮ್ಮ ವಿಭಾಗದಲ್ಲಿ ಯಾರೂ ರಸೀದಿ ಪುಸ್ತಕದ ಪುಟ ತಿರುವಿ ನೋಡಲಿಲ್ಲ.

ಇನ್ನು ಆ ಹೆಂಗಸು. ಅವರಿಗೆ ಒಂದು ಪತ್ರ ಹೋಯಿತು. 'ತಾಂತ್ರಿಕ ದೋಷದಿಂದ ತಮಗೆ ನೋಟಿಸು ಜಾರಿಯಾಗಿದ್ದು, ದಯವಿಟ್ಟು ಅದನ್ನು ಕಡೆಗಣಿಸುವುದು.' ಆ ಪತ್ರ ಟೈಪ್ ಮಾಡಿದವನು ನಾನೇ.

ಮಾನ್ಯರೇ, ಈ ಪತ್ರದ ಉದ್ದೇಶ ಆ ಕ್ಯಾಷಿಯರನ್ನು ಜೈಲಿಗೆ ಹಾಕಿಸುವುದಲ್ಲ. ಹಣ ಇರುವ ಕಡೆ ಕೈ ಹಾಕುವವರು ಇದ್ದೇ ಇರುತ್ತಾರೆ. ಅಮೆರಿಕದ ಅಪರಾಧಶಾಸ್ತ್ರಜ್ಞ ಡೊನಾಲ್ಡ್ ಕ್ರೆಸ್ಸಿ ಹಣ ನುಂಗಿ ಜೈಲು ಸೇರಿದವರನ್ನೇ ಮಾತಾಡಿಸಿ 1953ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹೆಚ್ಚಿನವರು ಕದಿಯುತ್ತಿದ್ದೇನೆ ಅಂದುಕೊಂಡಿರಲಿಲ್ಲ. ಸಾಲ ತಗೊಂಡಿದೀನಿ, ಆಮೇಲೆ ಇಟ್ಟುಬಿಡ್ತೀನಿ ಅಂತ ತಮಗೆ ತಾವೇ ಹೇಳಿಕೊಂಡಿದ್ದರು. ಯಾರಿಗೂ ಹೇಳಿಕೊಳ್ಳಲಾಗದ ಕಷ್ಟ, ಎದುರಿಗೆ ಒಂದು ಅವಕಾಶ, ಮನಸ್ಸಿಗೆ ಒಂದು ಸಮಾಧಾನ. ಈ ಮೂರರಲ್ಲಿ ಮೊದಲನೆಯದೂ ಕೊನೆಯದೂ ನಿಮ್ಮ ಕೈಯಲ್ಲಿ ಇಲ್ಲ. ನಡುವಿನದು ಪೂರ್ತಿ ನಿಮ್ಮದೇ.

ನನ್ನ ತಕರಾರು ಕಳ್ಳತನ ಸಿಕ್ಕ ಮೇಲೆ ನೀವು ನಡೆದುಕೊಳ್ಳುವ ರೀತಿಯ ಬಗ್ಗೆ. ಹಣ ವಾಪಸು ಬಂತಲ್ಲ, ಮುಗೀತು ಅನ್ನುತ್ತೀರಿ. ಇದು ನಮ್ಮ ಆಂತರಿಕ ವಿಷಯ ಅನ್ನುತ್ತೀರಿ. ಆಂತರಿಕ ಹೇಗಾಗುತ್ತದೆ ಸ್ವಾಮಿ? ನಿಮ್ಮ ಮನೆಯ ಪೆಟ್ಟಿಗೆಯಿಂದ ಹೋಗಿದ್ದರೆ ಅದು ನಿಮ್ಮ ಮನೆ ವಿಷಯ. ಪೆಟ್ಟಿಗೆ ನಮ್ಮದು. ಕಾಯುವುದಕ್ಕೆ ನಿಮ್ಮನ್ನು ಕೂರಿಸಿದ್ದೇವೆ, ಅದಕ್ಕೆ ಸಂಬಳವನ್ನೂ ನಾವೇ ಕೊಡುತ್ತಿದ್ದೇವೆ. ಕಾವಲುಗಾರ ಮತ್ತು ಕಳ್ಳ ಇಬ್ಬರೇ ಕೂತು ರಾಜಿ ಮಾಡಿಕೊಂಡು, ಹಣದ ಯಜಮಾನನಿಗೆ ಸುದ್ದಿಯನ್ನೇ ಮುಟ್ಟಿಸದೇ ಇದ್ದರೆ ಅದನ್ನು ಏನಂತ ಕರೆಯಬೇಕು?

ಇದು ನನ್ನ ಸ್ವಂತ ತತ್ವ ಏನಲ್ಲ. ದೇಶದೇಶಗಳ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆಗಳು ಸೇರಿ 1977ರಲ್ಲಿ ಒಪ್ಪಿಕೊಂಡ ಲಿಮಾ ಘೋಷಣೆಯ ಮೊದಲ ವಿಧಿಯೇ ಹೇಳುತ್ತದೆ: ಸಾರ್ವಜನಿಕ ಹಣದ ನಿರ್ವಹಣೆ ಅಂದರೆ ನಂಬಿ ಒಪ್ಪಿಸಿದ ಹೊಣೆ. ಭಾರತದ ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 33ನೇ ನಿಯಮ ಓದಿ. ಸರ್ಕಾರಿ ಹಣ ಕಡಿಮೆ ಬಂದರೆ ಕೂಡಲೇ ಮೇಲಧಿಕಾರಿಗೂ ಆಡಿಟ್‌ನವರಿಗೂ ತಿಳಿಸಬೇಕು, ಕಾರಣರಾದವರು ಆ ನಷ್ಟವನ್ನು ತುಂಬಿಕೊಟ್ಟಿದ್ದರೂ ತಿಳಿಸಬೇಕು ಅಂತಲೇ ಅದರಲ್ಲಿದೆ. ಆ ನಿಯಮ ಬರೆದವರಿಗೆ ಆಫೀಸುಗಳ ಒಳಗುಟ್ಟು ಚೆನ್ನಾಗಿ ಗೊತ್ತಿತ್ತು ಅಂತ ಕಾಣುತ್ತದೆ.

ಅಮೆರಿಕದ ವಾಷಿಂಗ್ಟನ್ ರಾಜ್ಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. (ರಾಜಧಾನಿ ವಾಷಿಂಗ್ಟನ್ ಅಲ್ಲ, ಪಶ್ಚಿಮ ಕರಾವಳಿಯ ರಾಜ್ಯ. ರಾಜಧಾನಿಯ ಕಥೆ ಬೇರೆಯೇ ಇದೆ, ಅದಕ್ಕೂ ಬರುತ್ತೇನೆ.) ಅಲ್ಲಿ ಹಣ ಹೋಗಿದೆ ಅಂತ ಬರೀ ಅನುಮಾನ ಬಂದರೂ ಸಾಕು, ಸಂಸ್ಥೆ ತಕ್ಷಣ ರಾಜ್ಯದ ಆಡಿಟರ್‌ಗೆ ತಿಳಿಸಬೇಕು. ಆಡಿಟರ್ ಮತ್ತು ಅಟಾರ್ನಿ ಜನರಲ್ ಒಪ್ಪದೆ ಕದ್ದವರ ಜೊತೆ ರಾಜಿ ಮಾಡಿಕೊಳ್ಳುವಂತಿಲ್ಲ. ಎಷ್ಟು ಹೋಯಿತು, ಹೇಗೆ ಹೋಯಿತು, ಯಾವ ತಪಾಸಣೆ ಕೈಕೊಟ್ಟಿತು ಅನ್ನುವ ವರದಿ ಜನರಿಗೆ ಸಿಗುವಂತೆ ಪ್ರಕಟವಾಗುತ್ತದೆ. ಬ್ರಿಟನ್‌ನಲ್ಲಿ ಸರ್ಕಾರಿ ಇಲಾಖೆಗಳು ವಾರ್ಷಿಕ ಲೆಕ್ಕದಲ್ಲೇ ನಷ್ಟಗಳ ಪಟ್ಟಿ ಕೊಡುತ್ತವೆ. 3 ಲಕ್ಷ ಪೌಂಡ್ ಮೀರಿದ್ದನ್ನು ಒಂದೊಂದಾಗಿ ಹೇಳಬೇಕು. ಹೀಗೆ ಹೇಳಿಕೊಂಡದ್ದರಿಂದ ಆ ಇಲಾಖೆಗಳಿಗೇನೂ ಬೀಗ ಬೀಳಲಿಲ್ಲ.

"ಹೊರಗೆ ಗೊತ್ತಾದರೆ ಜನರ ನಂಬಿಕೆ ಹೋಗುತ್ತೆ." ಮೇಲಧಿಕಾರಿಗಳ ಬಾಯಲ್ಲಿ ನಾನು ಅತಿ ಜಾಸ್ತಿ ಕೇಳಿದ ಮಾತು ಇದು. ಇದಕ್ಕೆ ಉತ್ತರವಾಗಿ ಡಿಕ್ಸನ್ ಅನ್ನುವ ಊರಿನ ಕಥೆ ಹೇಳಬೇಕು.

ಡಿಕ್ಸನ್ ಅಮೆರಿಕದ ಇಲಿನಾಯ್ ರಾಜ್ಯದ ಒಂದು ಸಣ್ಣ ಊರು. ಜನಸಂಖ್ಯೆ ಸುಮಾರು 16 ಸಾವಿರ. ರೀಟಾ ಕ್ರಂಡ್‌ವೆಲ್ ಅನ್ನುವಾಕೆ ಅಲ್ಲಿನ ನಗರಾಡಳಿತದ ಹಣಕಾಸು ನೋಡಿಕೊಳ್ಳುತ್ತಿದ್ದಳು. 1990ರ ಡಿಸೆಂಬರಿನಲ್ಲಿ ಆಕೆ ಬ್ಯಾಂಕಿನಲ್ಲಿ ಹೊಸದೊಂದು ಖಾತೆ ತೆರೆದಳು. ಹೆಸರು ನೋಡಿದರೆ ಒಳಚರಂಡಿ ಕಾಮಗಾರಿಯ ಮೀಸಲು ನಿಧಿ. ಅದರ ವಿಷಯ ಗೊತ್ತಿದ್ದದ್ದು ಆಕೆಗೆ ಮಾತ್ರ. ಊರಿನ ಹಣ ಆ ಖಾತೆಗೆ, ಅಲ್ಲಿಂದ ಆಕೆಯ ಕುದುರೆಗಳಿಗೆ. ಹೌದು, ಕುದುರೆಗಳು. ಕೊನೆಗೆ ನೋಡಿದರೆ ಆಕೆಯ ಬಳಿ ನಾನೂರರಷ್ಟು ಕುದುರೆ ಇದ್ದವು. ಹಣ ಯಾಕೆ ಸಾಲುತ್ತಿಲ್ಲ ಅಂತ ಯಾರಾದರೂ ಕೇಳಿದರೆ ರಾಜ್ಯದಿಂದ ಬರಬೇಕಾದ ಪಾಲು ತಡವಾಗಿದೆ ಅನ್ನುತ್ತಿದ್ದಳು. ರಸ್ತೆ ರಿಪೇರಿ ಮುಂದಕ್ಕೆ ಹೋಗುತ್ತಿತ್ತು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಹೀಗೇ ನಡೆದು ಒಟ್ಟು 5.3 ಕೋಟಿ ಡಾಲರ್ ಮೀರಿತು. ಅಷ್ಟೂ ವರ್ಷ ಆಡಿಟ್ ನಡೆದಿತ್ತು, ಎಲ್ಲ ಸರಿ ಇದೆ ಅಂತ ವರದಿಯೂ ಬಂದಿತ್ತು.

ಸಿಕ್ಕಿಬಿದ್ದದ್ದು ಹೇಗೆ? 2011ರಲ್ಲಿ ಆಕೆ ದೀರ್ಘ ರಜೆ ಹಾಕಿದಳು. ಅವಳ ಕೆಲಸ ನೋಡಿಕೊಳ್ಳುತ್ತಿದ್ದ ಇನ್ನೊಬ್ಬ ಸಿಬ್ಬಂದಿ ಬ್ಯಾಂಕಿನಿಂದ ಊರಿನ ಎಲ್ಲ ಖಾತೆಗಳ ಸ್ಟೇಟ್‌ಮೆಂಟ್ ತರಿಸಿದರು. ಅದರಲ್ಲಿ ಯಾವತ್ತೂ ಕಂಡಿರದ ಖಾತೆಯೊಂದು ಬಂತು. ಅವರು ಅದನ್ನು ತಂದು ಮೇಯರ್ ಮುಂದೆ ಇಟ್ಟರು.

ಇಲ್ಲೇ ನೋಡಿ. ಮೇಯರ್ ಮನಸ್ಸು ಮಾಡಿದ್ದರೆ ನಮ್ಮ ಮೇಲಧಿಕಾರಿ ಮಾಡಿದ್ದನ್ನೇ ಮಾಡಬಹುದಿತ್ತು. ಕರೆದು ಕೂರಿಸಿ, ಆದಷ್ಟು ಕಟ್ಟಿಸಿಕೊಂಡು, ರಾಜೀನಾಮೆ ಬರೆಸಿಕೊಂಡು ತಿಪ್ಪೆ ಸಾರಿಸಬಹುದಿತ್ತು. ಅವರು ಎಫ್‌ಬಿಐ ಹತ್ತಿರ ಹೋದರು. ತನಿಖೆ ಮುಗಿಯುವವರೆಗೆ ತಿಂಗಳುಗಟ್ಟಲೆ ಬಾಯಿ ಬಿಡಲಿಲ್ಲ, ಅದು ಬೇಕಾದ ಗುಟ್ಟು. 2012ರ ಏಪ್ರಿಲ್‌ನಲ್ಲಿ ಆಕೆಯ ಬಂಧನವಾಯಿತು, ಊರಿಗೆ ಎಲ್ಲ ಗೊತ್ತಾಯಿತು. 2013ರಲ್ಲಿ ಆಕೆಗೆ 19 ವರ್ಷ 7 ತಿಂಗಳ ಶಿಕ್ಷೆಯೂ ಆಯಿತು. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಮುಂದಿನದು. ಆಡಿಟ್ ಮಾಡಿದ ಲೆಕ್ಕಿಗರ ಮೇಲೆ, ಬ್ಯಾಂಕಿನ ಮೇಲೆ ಊರು ದಾವೆ ಹೂಡಿತು. ಅವರಿಂದ ಸುಮಾರು 4 ಕೋಟಿ ಡಾಲರ್ ಪರಿಹಾರ ಬಂತು. ಕುದುರೆಗಳೂ ಹರಾಜಾದವು. ವಿಷಯ ಮುಚ್ಚಿಟ್ಟಿದ್ದರೆ ಯಾರ ಮೇಲೆ ಯಾವ ದಾವೆ ಹೂಡಲು ಆಗುತ್ತಿತ್ತು? ಗುಟ್ಟಾಗಿ ರಾಜಿಯಾದರೆ ಬರುವುದು ಕಳ್ಳ ಒಪ್ಪಿಕೊಂಡಷ್ಟು ಹಣ ಮಾತ್ರ. ನಮ್ಮಲ್ಲಿ ಬಂದದ್ದೂ ಅಷ್ಟೇ, ಹನ್ನೆರಡು ರಸೀದಿಯದು.

ರಾಜಧಾನಿ ವಾಷಿಂಗ್ಟನ್ ಕಥೆ ಚಿಕ್ಕದಾಗಿ ಹೇಳುತ್ತೇನೆ. ಅಲ್ಲಿನ ತೆರಿಗೆ ಕಚೇರಿಯ ಹ್ಯಾರಿಯೆಟ್ ವಾಲ್ಟರ್ಸ್ 1989ರಿಂದ 2007ರವರೆಗೆ ಸುಳ್ಳು ಆಸ್ತಿ ತೆರಿಗೆ ಮರುಪಾವತಿಗಳನ್ನು ಸೃಷ್ಟಿಸಿ 4.8 ಕೋಟಿ ಡಾಲರ್ ನುಂಗಿದಳು. ತೆರಿಗೆ ಕಟ್ಟಿದ ಜನರ ಹಣ, ತೆರಿಗೆ ವಸೂಲು ಮಾಡುವ ಕಚೇರಿಯಲ್ಲೇ. ಸಹೋದ್ಯೋಗಿಗಳಿಗೆ ಉಡುಗೊರೆಗಳನ್ನೂ ಹಂಚುತ್ತಿದ್ದಳು. ಆಕೆಯನ್ನು ಹಿಡಿದುಕೊಟ್ಟದ್ದು ಸಂಸ್ಥೆಯ ಯಾವ ತಪಾಸಣೆಯೂ ಅಲ್ಲ. ಒಂದು ಚೆಕ್ ನೋಡಿ ಬ್ಯಾಂಕಿನ ನೌಕರರೊಬ್ಬರಿಗೆ ಬಂದ ಅನುಮಾನ.

ಎರಡೂ ಕಡೆ ಕೆಳಗೆ ಕೂತ ಒಬ್ಬರ ಕಣ್ಣಿಗೆ ಬಿದ್ದದ್ದರಿಂದ ವಿಷಯ ಹೊರಬಂತು. ಲೋಕದಲ್ಲೆಲ್ಲ ಹಾಗೇ. ವಂಚನೆ ಪತ್ತೆ ಮಾಡುವವರ ಅಂತರರಾಷ್ಟ್ರೀಯ ಸಂಘವಾದ ಎಸಿಎಫ್‌ಇ 2024ರ ವರದಿಯಲ್ಲಿ 1,921 ಪ್ರಕರಣಗಳನ್ನು ಪರಿಶೀಲಿಸಿತ್ತು. ಅದರಲ್ಲಿ 43 ಶೇಕಡಾ ಗೊತ್ತಾದದ್ದು ಯಾರೋ ಕೊಟ್ಟ ಸುಳಿವಿನಿಂದ. ಸುಳಿವು ಕೊಟ್ಟವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅಲ್ಲೇ ಕೆಲಸ ಮಾಡುವವರು. ಹೊರಗಿನ ಆಡಿಟ್‌ನಿಂದ ಸಿಕ್ಕಿದ್ದು ಬರೀ 3 ಶೇಕಡಾ. ಅಂದಮೇಲೆ ನಿಮ್ಮ ಹತ್ತಿರ ಇರುವ ಅತಿ ದೊಡ್ಡ ಕಾವಲು ಯಾವುದು? ಟಿಪ್ಪಣಿ ಬರೆಯುವ ಗುಮಾಸ್ತ. ಅವನನ್ನೇ ನೀವು ಸ್ಟೋರ್ಸ್‌ಗೆ ಹಾಕುತ್ತೀರಿ.

ಇನ್ನೊಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಎಲ್ಲ ಕಳ್ಳತನಕ್ಕೂ ನೀವು ಹೀಗೆ ಮೃದುವಾಗಿ ನಡೆದುಕೊಳ್ಳುವುದಿಲ್ಲ. ನಾನು ಸ್ಟೋರ್ಸ್‌ನಲ್ಲಿ ಇದ್ದಾಗ ದಿನಗೂಲಿ ಕೆಲಸಗಾರನೊಬ್ಬ ಹಳೇ ತಾಮ್ರದ ತಂತಿಯ ಒಂದು ಸುರುಳಿಯನ್ನು ಚೀಲದಲ್ಲಿ ಹಾಕಿಕೊಂಡು ಹೋಗುವಾಗ ಗೇಟಿನಲ್ಲಿ ಸಿಕ್ಕಿದ. ಅದು ಗುಜರಿಗೆ ಹೋಗಬೇಕಿದ್ದ ಮಾಲು. ಆ ಸಂಜೆಯೇ ಪೊಲೀಸರು ಬಂದರು. ಮರುದಿನ ನೋಟಿಸ್ ಬೋರ್ಡಿನಲ್ಲಿ ಅವನ ಹೆಸರು. ಯಾರೂ ಆಗ ಸಂಸ್ಥೆಯ ಮಾನ ಅನ್ನಲಿಲ್ಲ, ಆಂತರಿಕ ವಿಷಯ ಅನ್ನಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರಲ್ಲ, ನಮ್ಮಲ್ಲಿ ಅಡಿಕೆ ಕದ್ದವನ ಮಾನ ಮಾತ್ರ ಹೋಗುತ್ತದೆ. ಆನೆ ಕದ್ದವನಿಗೆ ಅನುಭವ ಪತ್ರ ಸಿಗುತ್ತದೆ.

ತನಿಖೆಗೆ ಹೋದರೆ ಕದ್ದದ್ದಕ್ಕಿಂತ ಖರ್ಚೇ ಜಾಸ್ತಿ ಆಗುತ್ತೆ ಅಂತಲೂ ಹೇಳುತ್ತೀರಿ. ಇರಬಹುದು. ಆದರೆ ಕದ್ದದ್ದು ಎಷ್ಟು ಅಂತ ನಿಮಗೆ ಗೊತ್ತಾದದ್ದು ಹೇಗೆ? ಒಂದೇ ಪುಸ್ತಕ ತೆರೆದು ಎಂಟು ವರ್ಷದ ಲೆಕ್ಕ ಹೇಳಿದಿರಲ್ಲ. ಕೆಲವರು ವಿಮೆ ಇದೆ ಬಿಡಿ ಅನ್ನುತ್ತಾರೆ. ವಿಮೆಯ ಕಂತು ಕಟ್ಟುವುದೂ ನಮ್ಮ ತೆರಿಗೆಯಲ್ಲೇ, ಅಲ್ವಾ?

ಹಾಗಾದರೆ ನಾನು ಕೇಳುತ್ತಿರುವುದು ಏನು? ಆರೋಪ ಬಂದ ಕೂಡಲೇ ಹೆಸರು ಹಾಕಿ ಬೋರ್ಡಿಗೆ ಅಂಟಿಸಿ ಅಂತಲ್ಲ. ಅದು ತಪ್ಪು. ಲೆಕ್ಕದಲ್ಲಿ ಎಡವಟ್ಟು ಬೇರೆ, ಕಳ್ಳತನ ಬೇರೆ. ವಿಚಾರಣೆಗೆ ಮುಂಚೆ ಯಾರ ಮೇಲೂ ಮಸಿ ಬಳಿಯಬಾರದು. ನನಗೆ ಹೆಸರೇ ಬೇಡ. ವರ್ಷಕ್ಕೊಮ್ಮೆ ನಿಮ್ಮ ಲೆಕ್ಕಪತ್ರದ ಜೊತೆ ಒಂದು ಪುಟ ಸೇರಿಸಿ. ಈ ವರ್ಷ ಸಿಬ್ಬಂದಿಯಿಂದ ಎಷ್ಟು ಹಣ ಅಥವಾ ಮಾಲು ಹೋಯಿತು, ಎಷ್ಟು ಕಾಲದಿಂದ ಹೋಗುತ್ತಿತ್ತು, ಯಾರು ನೋಡಬೇಕಿತ್ತು, ಯಾಕೆ ನೋಡಲಿಲ್ಲ, ಎಷ್ಟು ವಾಪಸು ಬಂತು. ಏನೂ ಹೋಗಿಲ್ಲದಿದ್ದರೆ ಹಾಗೆಂದು ಬರೆದು ನೀವೇ ಸಹಿ ಹಾಕಿ. ಸಹಿ ಹಾಕುವ ಮುಂಚೆ ಒಂದು ಸಲ ಬೀರು ತೆರೆದು ನೋಡುವ ಮನಸ್ಸಾಗುತ್ತದೆ, ಅದಕ್ಕೇ ಹೇಳಿದೆ.

ಕಳ್ಳತನ ಸಿಕ್ಕರೆ ಅದೇ ಸಂಸ್ಥೆಯವರು ಅದರ ಆಳ ಅಳೆಯಬಾರದು. ಹೊರಗಿನ ಆಡಿಟ್‌ಗೆ ಅವತ್ತೇ ತಿಳಿಸಬೇಕು, ಆ ವ್ಯಕ್ತಿ ಮುಟ್ಟಿದ ಎಲ್ಲ ಪುಸ್ತಕವನ್ನೂ ಅವರೇ ನೋಡಬೇಕು. ಹಣ ವಾಪಸು ಕಟ್ಟಿಸಿಕೊಳ್ಳಿ, ಸಂತೋಷ. ಆದರೆ ಅದಕ್ಕೆ ಬದಲಾಗಿ ಮೌನವನ್ನು ಮಾರಬೇಡಿ. ರಾಜೀನಾಮೆ ಕೊಟ್ಟ ಮೇಲೂ ವಿಚಾರಣೆ ಮುಗಿಸಿ. ಮುಗಿಯುವವರೆಗೆ 'ನಡತೆ ತೃಪ್ತಿಕರ' ಅಂತ ಯಾರಿಗೂ ಬರೆದುಕೊಡಬೇಡಿ. ನಿಮ್ಮ ಆ ಎರಡು ಪದ ನಂಬಿ ಇನ್ನೊಂದು ಸಂಸ್ಥೆ ತನ್ನ ಪೆಟ್ಟಿಗೆಯ ಕೀಲಿ ಕೊಡುತ್ತದೆ.

ಕೀಲಿ ವಿಷಯಕ್ಕೆ ಬಂದರೆ, ಇದೆಲ್ಲ ನಿಮಗೆ ಗೊತ್ತಿರುವುದೇ. ಹಣ ತೆಗೆದುಕೊಳ್ಳುವವರು, ಪುಸ್ತಕದಲ್ಲಿ ಬರೆಯುವವರು, ಬ್ಯಾಂಕಿನ ಲೆಕ್ಕದ ಜೊತೆ ತಾಳೆ ನೋಡುವವರು ಬೇರೆ ಬೇರೆ ಇರಬೇಕು. ಹಣದ ಕೆಲಸದಲ್ಲಿ ಇರುವವರು ವರ್ಷಕ್ಕೊಮ್ಮೆ ಕಡ್ಡಾಯವಾಗಿ ರಜೆ ಹಾಕಬೇಕು, ಆಗ ಬೇರೆಯವರು ಅವರ ಕುರ್ಚಿಯಲ್ಲಿ ಕೂರಬೇಕು. ನಮ್ಮ ಕ್ಯಾಷಿಯರ್ ರಜೆಯನ್ನೇ ಹಾಕುತ್ತಿರಲಿಲ್ಲ. ಎಷ್ಟು ನಿಯತ್ತಿನ ಮನುಷ್ಯ ಅಂತ ನಾವೆಲ್ಲ ಹೊಗಳುತ್ತಿದ್ದೆವು. ಡಿಕ್ಸನ್‌ನಲ್ಲಿ ಗುಟ್ಟು ಒಡೆದದ್ದು ಯಾವಾಗ ಅಂತ ಮೇಲೆ ಹೇಳಿದ್ದೇನೆ.

ಸುಳಿವು ಕೊಟ್ಟವರನ್ನು ಕಾಪಾಡಿ. ಭ್ರಷ್ಟಾಚಾರದ ವಿರುದ್ಧ ವಿಶ್ವಸಂಸ್ಥೆಯ ಒಪ್ಪಂದ 2005ರಿಂದ ಜಾರಿಯಲ್ಲಿದೆ. ಅದರ 33ನೇ ವಿಧಿ ಹೇಳುವುದು ಇದನ್ನೇ. ವಿಧಿ, ನಿಯಮ ಎಲ್ಲ ಇರಲಿ, ನಾನು ಕೇಳುವುದು ಸಣ್ಣದು. ಟಿಪ್ಪಣಿ ಬರೆದವನಿಗೆ ಮುಂದೇನಾಯಿತು ಅಂತ ಬರಹದಲ್ಲಿ ಉತ್ತರ ಕೊಡಿ. ಅವನನ್ನು ವರ್ಗ ಮಾಡುವುದಿದ್ದರೆ ಕಾರಣವನ್ನು ಆ ಫೈಲಿನಲ್ಲೇ ಬರೆಯಿರಿ.

ಕೊನೆಯದಾಗಿ ಒಂದು ಕೋರಿಕೆ. ಆಫೀಸುಗಳಲ್ಲಿ ಹಳೇ ದಾಖಲೆಗಳನ್ನು ಇಂತಿಷ್ಟು ವರ್ಷ ಇಟ್ಟು ಆಮೇಲೆ ವಿಲೇವಾರಿ ಮಾಡುತ್ತಾರೆ. ಆ ಎಂಟು ವರ್ಷದ ರಸೀದಿ ಪುಸ್ತಕಗಳ ಸರದಿಯೂ ಹತ್ತಿರ ಬಂದಿರಬೇಕು. ನಿಮ್ಮ ಬೀರುವಿನಲ್ಲೂ ಅಂಥವು ಇದ್ದರೆ, ಗುಜರಿಗೆ ಹಾಕುವ ಮುಂಚೆ ಒಂದು ದಿನ ಕೂತು ಕೆಂಪು ಇಂಕಿನ 'ರದ್ದು'ಗಳನ್ನು ಎಣಿಸಿ. ಪಿನ್ ಇಲ್ಲದ ಒಂದೊಂದಕ್ಕೂ ಹೊರಗೆ ಎಲ್ಲೋ ಒಂದು ಮೂಲ ಪ್ರತಿ ಇದೆ. ಅದನ್ನು ಮಡಿಸಿ ಇಟ್ಟುಕೊಂಡವರಿಗೆ ನೋಟಿಸು ಹೋಗಿರಬಹುದು, ಅವರು ಎರಡನೇ ಸಲವೂ ಕಟ್ಟಿರಬಹುದು. ಅವರನ್ನು ಹುಡುಕಿ ಪತ್ರ ಬರೆಯಿರಿ. ಅದರಲ್ಲಿ ತಾಂತ್ರಿಕ ದೋಷ ಅನ್ನುವ ಮಾತು ಬೇಡ. ನಮ್ಮ ಸಿಬ್ಬಂದಿ ನಿಮ್ಮ ಹಣ ತೆಗೆದುಕೊಂಡಿದ್ದರು, ನಾವು ನೋಡಲಿಲ್ಲ, ಇದೀಗ ವಾಪಸು ಕೊಡುತ್ತಿದ್ದೇವೆ ಅಂತ ಬರೆಯಿರಿ. ಟೈಪ್ ಮಾಡಲು ಜನ ಇಲ್ಲದಿದ್ದರೆ ನಾನು ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಲೆಕ್ಕಪತ್ರ ಗುಮಾಸ್ತ